ಅರವತ್ತೊಂದನೇ ಉಲ್ಲೇಖ

ಭುವನೇಶ್ವರಿ ಮಾಡುತ್ತಿದ್ದದ್ದು ಊರವರಿಗೆ ಎಷ್ಟು ಹೇಳಿದರೂ ತಿಳಿಯದ ಕೆಲಸ. 'ದೊಡ್ಡ ದೊಡ್ಡ ಡಾಕ್ಟರುಗಳು ಬರೆದದ್ದನ್ನು ನನ್ನ ಮಗಳು ತಿದ್ದುತ್ತಾಳೆ' ಎಂದು ಅವಳ ತಾಯಿ ಚನ್ನಕ್ಕ ಕುಷ್ಟಗಿ ಕಡೆಯ ತಮ್ಮ ಹಳ್ಳಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಳು. ಅಷ್ಟು ದೊಡ್ಡದೇನೂ ಅಲ್ಲ. ಸಂಶೋಧನಾ ಲೇಖನದ ಕೊನೆಯಲ್ಲಿ ಒಂದು ಉದ್ದನೆಯ ಪಟ್ಟಿ ಇರುತ್ತದೆ. ಈ ಮಾತನ್ನು ಇಂಥವರು, ಇಂಥ ಪತ್ರಿಕೆಯಲ್ಲಿ, ಇಂಥ ವರ್ಷ, ಇಂಥ ಪುಟದಲ್ಲಿ ಹೇಳಿದ್ದಾರೆ ಎನ್ನುವ ಉಲ್ಲೇಖಗಳ ಪಟ್ಟಿ. ಅದನ್ನು ಆಯಾ ಪತ್ರಿಕೆಯ ರೂಢಿಗೆ ಹೊಂದಿಸಿ ಕೊಡುವುದು ಅವಳ ಕೆಲಸ. ಒಬ್ಬರಿಗೆ ಮನೆತನದ ಹೆಸರು ಮೊದಲು ಬರಬೇಕು, ಇನ್ನೊಬ್ಬರಿಗೆ ಇನಿಷಿಯಲ್ಲು. ಒಬ್ಬರಿಗೆ ವರ್ಷ ಆವರಣದೊಳಗೆ, ಇನ್ನೊಬ್ಬರಿಗೆ ಕಟ್ಟಕಡೆಗೆ. ಮದುವೆ ಮನೆಯಲ್ಲಿ ಬೀಗರನ್ನು ಪಂಕ್ತಿಗೆ ಕೂರಿಸುವಾಗಿನ ತಕರಾರು ಇದರ ಮುಂದೆ ಏನೇನೂ ಅಲ್ಲ.

ಎಲೆಕ್ಟ್ರಾನಿಕ್ ಸಿಟಿಯ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಕೂತು ಎಂಟು ವರ್ಷದಿಂದ ಅವಳು ಇದನ್ನೇ ಮಾಡುತ್ತಿದ್ದಳು. ಸೇರಿದಾಗ ಆ ಮಹಡಿಯಲ್ಲಿ ಎಂಬತ್ತು ಜನ ಇದ್ದರು. ಈಗ ಇಪ್ಪತ್ತಾರು. ಬಿಟ್ಟುಹೋದವರ ಕೆಲಸವನ್ನು ಒಂದು ಸಾಫ್ಟ್‌ವೇರ್ ಮಾಡುತ್ತಿತ್ತು. ಎಲ್ಲರೂ ಅದನ್ನು ಮಷಿನ್ ಎಂದೇ ಕರೆಯುತ್ತಿದ್ದರು. ಮಷಿನ್ ಪ್ರತಿಯೊಂದು ಉಲ್ಲೇಖವನ್ನೂ ಲೋಕವೆಲ್ಲ ಹುಡುಕಿ, ಸಿಕ್ಕಿದರೆ ಹಸಿರು ಟಿಕ್ ಹಾಕುತ್ತಿತ್ತು, ಸಿಗದಿದ್ದರೆ ಕೆಂಪು ಗೆರೆ ಎಳೆಯುತ್ತಿತ್ತು. ಕೆಂಪಾದದ್ದನ್ನು ಮಾತ್ರ ಮನುಷ್ಯರು ನೋಡಬೇಕು. ಹಸಿರಾದದ್ದನ್ನು ಮುಟ್ಟಬಾರದು ಎಂಬುದು ಕಟ್ಟಪ್ಪಣೆ.

ಆದರೆ ಹಳೇ ಚಾಳಿ ಬಿಡುತ್ತದೆಯೇ? ಭುವನೇಶ್ವರಿ ಹಸಿರನ್ನೂ ಓದುತ್ತಿದ್ದಳು. ಆ ಬುಧವಾರ ಬೆಳಿಗ್ಗೆ, ನೂರನಲವತ್ತು ಉಲ್ಲೇಖಗಳ ಒಂದು ದೊಡ್ಡ ಲೇಖನದಲ್ಲಿ, ಅರವತ್ತೊಂದನೆಯದರ ಹತ್ತಿರ ಬಂದು ಅವಳ ಕಣ್ಣು ನಿಂತಿತು.

ಕೃಷ್ಣಪ್ಪ ಕೆ., 2011. ಸಂಪುಟ ಹದಿನೈದು, ಪುಟ 112ರಿಂದ 118. ಪಕ್ಕದಲ್ಲಿ ಹಸಿರು ಟಿಕ್. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಇದನ್ನು ಉಲ್ಲೇಖಿಸಿದ ಲೇಖನಗಳು: 41.

ಲೋಕದಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಅವಳಿಗೆ ಗೊತ್ತಿತ್ತು. ಅಂಥ ಲೇಖನವೇ ಇಲ್ಲ. ಅದನ್ನು ಹುಟ್ಟಿಸಿದವಳು ಅವಳು.

ಎಂಟು ವರ್ಷದ ಹಿಂದೆ, ಅವಳು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದಾಗ, ಕಲ್ಲು ಕತ್ತರಿಸುವ ಕಾರ್ಮಿಕರ ಮೇಲಿನ ಒಂದು ಲೇಖನ ಬಂದಿತ್ತು. ಅದರಲ್ಲಿ ಒಂದು ವಾಕ್ಯ: ಎರಡು ಮಡಿಕೆಯ ಒದ್ದೆ ಹತ್ತಿ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡರೆ ಕಲ್ಲಿನ ಧೂಳು ಮುಕ್ಕಾಲು ಪಾಲು ತಡೆಯುತ್ತದೆ. ಅದಕ್ಕೆ ಆಧಾರವೆಂದು ಲೇಖಕರು ಬರೆದದ್ದು ಇಷ್ಟೇ: 'ಕೃಷ್ಣಪ್ಪ, ಆರೋಗ್ಯ ಶಿಬಿರ, 2011.' ಪತ್ರಿಕೆಯಿಲ್ಲ, ಸಂಪುಟವಿಲ್ಲ, ಪುಟವಿಲ್ಲ. ಪೂರ್ತಿ ವಿವರ ಕೊಡಿ ಎಂದು ಲೇಖಕರಿಗೆ ಎರಡು ಸಲ ಪ್ರಶ್ನೆ ಕಳಿಸಿದಳು. ಉತ್ತರ ಬರಲಿಲ್ಲ. ಆಗಿನ್ನೂ ಹುಡುಕುವ ಮಷಿನ್ ಬಂದಿರಲಿಲ್ಲ, ವಿವರ ಖಾಲಿ ಇದ್ದ ಕಡೆ ಮಾತ್ರ ಕೆಂಪು ಗೆರೆ ಬೀಳುತ್ತಿತ್ತು. ಸಾಯಂಕಾಲದೊಳಗೆ ಫೈಲು ಹೋಗಲೇಬೇಕು, ಒಂದೇ ಒಂದು ಕೆಂಪು ಗೆರೆ ಉಳಿದರೂ ಹೋಗುವುದಿಲ್ಲ.

ಪಕ್ಕದ ಕುರ್ಚಿಯಲ್ಲಿ ಆಗ ಇದ್ದವಳು ನಿವೇದಿತಾ, ಇವಳಿಗಿಂತ ಆರು ತಿಂಗಳು ಹಳಬಳು. 'ಅಷ್ಟಕ್ಕೆ ಯಾಕೆ ಅಳ್ತೀಯ? ಹೆಪ್ಪು ಹಾಕು' ಎಂದಿದ್ದಳು.

ಹೆಪ್ಪು ಎನ್ನುವುದು ಆ ಮಹಡಿಯವರ ಗುಟ್ಟಿನ ಮಾತು. ಮನೆಯಲ್ಲಿ ಮೊಸರು ಮುಗಿದರೆ ಪಕ್ಕದ ಮನೆಯಿಂದ ಒಂದು ಚಮಚ ತಂದು ಹಾಲಿಗೆ ಹಾಕುತ್ತೇವಲ್ಲ, ಹಾಗೆ, ಅರೆಬರೆ ಉಲ್ಲೇಖಕ್ಕೆ ಅದರ ಮೇಲಿನ ಉಲ್ಲೇಖದಿಂದ ಪತ್ರಿಕೆಯ ಹೆಸರು, ಸಂಪುಟ, ಪುಟ ಎರವಲು ತಂದು ಹಾಕಿಬಿಡುವುದು. ಯಾರು ತೆರೆದು ನೋಡುತ್ತಾರೆ? ಲೇಖಕರೇ ನೋಡುವುದಿಲ್ಲ. ಭುವನೇಶ್ವರಿ ಹಾಕಿದಳು. ಕೆಂಪು ಹೋಯಿತು, ಫೈಲು ಹೋಯಿತು, ಅವಳು ಬಸ್ಸು ಹತ್ತಿ ಮನೆಗೆ ಹೋದಳು.

ಒಂದು ಚಮಚ ಹೆಪ್ಪಿನಿಂದ ಈಗ ನಲವತ್ತೊಂದು ಗಡಿಗೆ ಮೊಸರಾಗಿತ್ತು. ಒಬ್ಬರು ಬರೆದದ್ದನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವವರು ಹಳ್ಳಿಯಲ್ಲಿ ಮಾತ್ರ ಇರುತ್ತಾರೆ ಎಂದು ಯಾರು ಹೇಳಿದರು? ಎಲ್ಲರೂ ಹೇಳಿದ್ದನ್ನು ನೋಡಿ ಮಷಿನ್ ಕೂಡ ನಂಬಿ ಹಸಿರು ಟಿಕ್ ಕೊಟ್ಟಿತ್ತು.

ಈಗ ಬಂದಿದ್ದ ಲೇಖನವೋ, ಬರೀ ಲೇಖನವಲ್ಲ. ಸಣ್ಣ ಕಲ್ಲಿನ ಕಾರ್ಖಾನೆಗಳು ಕೆಲಸಗಾರರಿಗೆ ಏನು ಒದಗಿಸಬೇಕು ಎಂಬ ಶಿಫಾರಸುಗಳ ಪಟ್ಟಿ. ಅರವತ್ತೊಂದನೇ ಉಲ್ಲೇಖ ಕೂತಿದ್ದ ಜಾಗದಲ್ಲಿ ಹೀಗಿತ್ತು: ಮಾಸ್ಕ್ ಒದಗಿಸಲು ಆಗದ ಕಡೆ ಒದ್ದೆ ಬಟ್ಟೆಯೇ ಸಾಕಾಗುತ್ತದೆ. ಶುಕ್ರವಾರ ಅಚ್ಚಿಗೆ ಹೋಗುವುದಿತ್ತು.

ಭುವನೇಶ್ವರಿ ಎದ್ದು ನೀರಿನ ಕ್ಯಾನಿನ ಹತ್ತಿರ ಹೋಗಿ ಒಂದು ಲೋಟ ನೀರು ಹಿಡಿದುಕೊಂಡು ನಿಂತಳು. ಕುಡಿಯಲಿಲ್ಲ. ಅವಳಿಗೆ ನೆನಪಾದದ್ದು ನಲವತ್ತೊಂದು ಲೇಖನಗಳಲ್ಲ, ತಮ್ಮ ಮುತ್ತು.

ಆ ಹಳೇ ಲೇಖನ ಅಚ್ಚಾದ ವರ್ಷವೇ ಮುತ್ತು ಊರಿನಿಂದ ಬಂದು ಜಿಗಣಿ ಕಡೆ ಒಂದು ಗ್ರಾನೈಟ್ ಯಾರ್ಡಿನಲ್ಲಿ ಕಟಿಂಗ್ ಕೆಲಸಕ್ಕೆ ಸೇರಿದ್ದ. ಮೊದಲ ವಾರ ಮುಖವೆಲ್ಲ ಬಿಳಿ ಮಾಡಿಕೊಂಡು ಬಂದು, 'ಅಕ್ಕಾ, ಧೂಳು ನೋಡಿದ್ರ ಅಂಜಿಕಿ ಆಗತೈತಿ' ಎಂದಿದ್ದ. ಅಕ್ಕ ಅಲ್ಲವೇ, ಓದಿದವಳಲ್ಲವೇ, ಸಮಾಧಾನ ಹೇಳಬೇಕಲ್ಲ. 'ಒದ್ದಿ ಬಟ್ಟಿ ಎರಡು ಮಡಿಕಿ ಮಾಡಿ ಕಟ್ಕೊ. ಮುಕ್ಕಾಲು ಧೂಳು ನಿಲ್ಲತೈತಿ. ಪೇಪರ್‌ನಾಗ ಬಂದೈತಿ' ಎಂದಳು. ಅವನ ಮುಖದಲ್ಲಿ ಇನ್ನೂ ಅನುಮಾನ ಕಂಡು, ಮಾರನೇ ದಿನ ಆಫೀಸಿನಲ್ಲಿ ಆ ಪುಟದ ಪ್ರಿಂಟ್ ತೆಗೆದು ತಂದು ಕೊಟ್ಟಿದ್ದಳು. ಪುಟದ ನಂಬರಿಗೆ ತಾನೇ ಹೆಪ್ಪು ಹಾಕಿದ್ದು ಆಗ ಅವಳಿಗೆ ನೆನಪಾಗಲೇ ಇಲ್ಲ. ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಅಚ್ಚಾದ ವಾಕ್ಯ ಅವಳ ಕಣ್ಣಿಗೂ ಅಚ್ಚಾದ ವಾಕ್ಯವಾಗಿಯೇ ಕಂಡಿತ್ತು.

ಹೋದ ವಾರ ಅವನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಆರು ತಿಂಗಳಿಂದ ಕೆಮ್ಮು. ಮೊದಲನೇ ಮಹಡಿಯ ತಮ್ಮ ಬಾಡಿಗೆ ರೂಮಿಗೆ ಹತ್ತುವಷ್ಟರಲ್ಲಿ ಎರಡು ಕಡೆ ನಿಲ್ಲುತ್ತಿದ್ದ. ಮೂವತ್ತರ ಹುಡುಗ. ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

'ಏನ್ ಕೆಲಸ ಮಾಡ್ತೀಯಪ್ಪ?'

'ಕಲ್ಲು ಕಟಿಂಗ್ರಿ.'

'ಮೂಗಿಗೆ ಏನ್ ಕಟ್ತೀಯ?'

'ಒದ್ದಿ ಬಟ್ಟಿರಿ. ಎರಡು ಮಡಿಕಿ.' ಒಳ್ಳೇ ಹುಡುಗ ಶಾಲೆಯಲ್ಲಿ ಉತ್ತರ ಕೊಟ್ಟಂತೆ ಕೊಟ್ಟಿದ್ದ.

ಡಾಕ್ಟರಮ್ಮ ಈ ಉತ್ತರವನ್ನು ಎಷ್ಟೋ ಸಲ ಕೇಳಿ ಸಾಕಾದವರಂತೆ ಒಂದು ಸಲ ಕಣ್ಣು ಮುಚ್ಚಿ ತೆರೆದರು. ಆಮೇಲೆ ಭುವನೇಶ್ವರಿಗೆ ಹೇಳಿದರು: 'ಇದು ಟಿಬಿ ಅಲ್ಲಮ್ಮ. ಕಲ್ಲಿನ ಧೂಳು. ಕಣ್ಣಿಗೆ ಕಾಣದ ಧೂಳಿಗೆ ಬಟ್ಟೆ ಲೆಕ್ಕಕ್ಕೇ ಇಲ್ಲ. ಒಳಗೆ ಹೋಗಿರೋದು ಇನ್ನು ಹೊರಗೆ ಬರಲ್ಲ. ಇನ್ನೂ ಹೋಗದ ಹಾಗೆ ನೋಡ್ಕೊಳ್ಳಿ.'

ಆ ಎಕ್ಸ್‌ರೇ ಕಂದು ಕವರಿನಲ್ಲಿ ಮನೆಯ ಕಪಾಟಿನ ಮೇಲೆ ಇತ್ತು. ಯಾರ್ಡಿನಲ್ಲಿ ಯಾರಿಗೂ ಹೇಳಬೇಡ ಎಂದು ಮುತ್ತು ಆಣೆ ಹಾಕಿಸಿಕೊಂಡಿದ್ದ. ಎದೆ ಕೆಟ್ಟವನೆಂದು ಗೊತ್ತಾದರೆ ಸೂಪರ್‌ವೈಸರು ಮರುದಿನವೇ ಗೇಟಿನಾಚೆ ನಿಲ್ಲಿಸುತ್ತಾನೆ. ಬೇರೆ ಕೆಲಸ ಸಿಗುವ ತನಕ ತೋರಿಸಿಕೊಳ್ಳಬಾರದು.

ಭುವನೇಶ್ವರಿ ನೀರಿನ ಲೋಟ ಅಲ್ಲೇ ಇಟ್ಟು ಕುರ್ಚಿಗೆ ವಾಪಸು ಬಂದಳು. ಎಂಟು ವರ್ಷದಲ್ಲಿ ಮೊದಲ ಸಲ ಆ ಪತ್ರಿಕೆಯ ಹದಿನೈದನೇ ಸಂಪುಟ ತೆರೆದು 112ನೇ ಪುಟಕ್ಕೆ ಹೋದಳು. ಚಹಾ ತೋಟದ ಹೆಂಗಸರ ಬೆರಳುಗಳಲ್ಲಿ ಬರುವ ಚರ್ಮದ ತುರಿಕೆಯ ಮೇಲೆ ಯಾರೋ ಬರೆದ ಲೇಖನ. ನಲವತ್ತೊಂದು ಜನ ವಿದ್ವಾಂಸರಲ್ಲಿ ಒಬ್ಬನೇ ಒಬ್ಬ ಆ ಪುಟ ತೆರೆದಿದ್ದರೆ ಸಾಕಿತ್ತು. ಅವರ ಮೇಲೆ ಸಿಟ್ಟು ಬಂತು. ಸಿಟ್ಟು ಮಾಡಲು ತನಗೇನು ಬಾಯಿದೆ ಎಂದು ನಾಚಿಕೆಯೂ ಆಯಿತು.

ನಿವೇದಿತಾ ಈಗ ಟೀಮ್ ಲೀಡ್. ಗಾಜಿನ ಕೋಣೆಯಲ್ಲಿ ಕೂರುತ್ತಾಳೆ. ಭುವನೇಶ್ವರಿ ಒಳಗೆ ಹೋಗಿ ಬಾಗಿಲು ಹಾಕಿದಳು.

'ಅರವತ್ತೊಂದನೇದು ಸುಳ್ಳು. ತೆಗೀಬೇಕು.'

'ಮಷಿನ್ ಟಿಕ್ ಕೊಟ್ಟಿದೆ ತಾನೇ? ಟಿಕ್ ಕೊಟ್ಟಿದ್ದನ್ನ ಮುಟ್ಟೋ ಹಾಗಿಲ್ಲ ಭುವನಾ.'

'ಅದು ನಾನು ಹೆಪ್ಪು ಹಾಕಿದ್ದು.'

ನಿವೇದಿತಾ ಗಾಜಿನಾಚೆ ಒಮ್ಮೆ ನೋಡಿದಳು. 'ಮೆಲ್ಲಗೆ ಮಾತಾಡು.'

'ಇದನ್ನ ನಂಬ್ಕೊಂಡು ಕಾರ್ಖಾನೆಯವರು ಮಾಸ್ಕ್ ಕೊಡದೆ ಬಿಡ್ತಾರೆ. ಶುಕ್ರವಾರ ಅಚ್ಚಾಗುತ್ತೆ.'

'ಹಂಗಂತ ಏನ್ ಬರೀತೀಯ? ಎಂಟು ವರ್ಷದ ಹಿಂದೆ ನಾನೇ ಹುಟ್ಟಿಸ್ದೆ ಅಂತಾನಾ? ಒಂದು ಒಪ್ಕೊಂಡ್ರೆ ನಿನ್ನ ಫೈಲೆಲ್ಲ ತೆಗೆಸ್ತಾರೆ. ನಿಂದು ಮುಗಿದ್ಮೇಲೆ ನಂದು. ಆಮೇಲೆ ಇಡೀ ಫ್ಲೋರ್‌ದು. ಇರೋ ಇಪ್ಪತ್ತಾರು ಜನಾನೂ ಮನೆಗೆ ಕಳ್ಸೋಕೆ ಅವ್ರು ನೆಪ ಹುಡುಕ್ತಿದಾರೆ ಕಣೆ.'

'ನೀನು ಎಷ್ಟು ಹಾಕಿದೀಯ?'

'ಲೆಕ್ಕ ಇಟ್ಟಿಲ್ಲ' ಎಂದಳು ನಿವೇದಿತಾ. 'ನೀನೂ ಇಟ್ಟಿರಲ್ಲ.'

ಅದೂ ನಿಜವೇ. ಐದೋ ಆರೋ ಎಂದು ಭುವನೇಶ್ವರಿ ತನಗೆ ತಾನೇ ಹೇಳಿಕೊಂಡಿದ್ದಳು, ಆದರೆ ಅದು ತನಗೆ ತಾನೇ ಹೇಳಿಕೊಂಡದ್ದು. ನಿವೇದಿತಾ ಕೆಟ್ಟವಳಲ್ಲ. ಮುತ್ತುವಿನ ಕೆಮ್ಮಿಗೆ ಮನೆಯಿಂದ ಕಷಾಯದ ಪುಡಿ ಮಾಡಿಸಿ ತಂದುಕೊಟ್ಟವಳು ಅವಳೇ. ಆದರೆ ಹೆದರಿದ ಮನುಷ್ಯನ ಹತ್ತಿರ ನ್ಯಾಯ ಕೇಳಿ ಏನು ಉಪಯೋಗ? ಕುಂಬಳಕಾಯಿ ಕಳ್ಳ ಅಂದರೆ ಆ ಮಹಡಿಯಲ್ಲಿ ಎಲ್ಲರೂ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವರೇ.

ಆ ದಿನ ಭುವನೇಶ್ವರಿ ಏನೂ ಮಾಡಲಿಲ್ಲ. ಮನೆಯಲ್ಲಿ ಜೋಳದ ರೊಟ್ಟಿ ತಟ್ಟುವಾಗ ಹಿಟ್ಟು ಗಾಳಿಯಲ್ಲಿ ಏಳುವುದನ್ನು ನೋಡಿ ಕೈ ನಿಲ್ಲಿಸಿದಳು. ಹಗ್ಗದ ಮೇಲೆ ಮುತ್ತುವಿನ ಎರಡು ಬಟ್ಟೆಗಳು ಒಣಗುತ್ತಿದ್ದವು, ಅವಳ ಹಳೇ ಸೀರೆಯನ್ನು ಹರಿದು ಅವಳೇ ಅಂಚು ಹೊಲಿದುಕೊಟ್ಟವು. ಅವನಿಗೆ ಹೇಳಬೇಕೆಂದು ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಪಲ್ಯ ಬೇಕೇನು ಎಂದು ಕೇಳಿದಳು.

ಗುರುವಾರ ಬೆಳಿಗ್ಗೆ, ಲೇಖನದ ಮುಖ್ಯ ಲೇಖಕ ಡಾಕ್ಟರ್ ಗುರುರಾಜ್ ಅವರಿಗೆ ಅವಳು ಪ್ರಶ್ನೆ ಕಳಿಸಿದಳು. ಇಂಗ್ಲಿಷಿನಲ್ಲಿ ಬರೆದದ್ದರ ತಿರುಳು ಇಷ್ಟು: ಅರವತ್ತೊಂದನೇ ಉಲ್ಲೇಖದ ಲೇಖನ ಅಸ್ತಿತ್ವದಲ್ಲಿಲ್ಲ. ಎಂಟು ವರ್ಷದ ಹಿಂದೆ ವಿವರ ಸಿಗದಿದ್ದಾಗ ಇದೇ ಕಚೇರಿಯಲ್ಲಿ ನಾನು ಅದಕ್ಕೆ ಸುಳ್ಳು ಸಂಪುಟ, ಪುಟ ಸೇರಿಸಿದೆ. ಒದ್ದೆ ಬಟ್ಟೆ ಧೂಳು ತಡೆಯುತ್ತದೆ ಎಂಬುದಕ್ಕೆ ಯಾವ ಪರೀಕ್ಷೆಯ ಆಧಾರವೂ ಇಲ್ಲ. ದಯವಿಟ್ಟು ಆ ವಾಕ್ಯವನ್ನು ತೆಗೆಯಿರಿ. ಕೆಳಗೆ ತನ್ನ ಹೆಸರು ಹಾಕಿದಳು. ಆ ಕೆಲಸದಲ್ಲಿ ಯಾರೂ ಹೆಸರು ಹಾಕುವುದಿಲ್ಲ, ಬರೀ ನಂಬರು. ಕಳಿಸಿದ ಮೇಲೆ ಎದೆ ಹಗುರಾಯಿತು.

ಆ ಹಗುರ ಒಂದು ದಿನ ಬಾಳಿತು. ಶುಕ್ರವಾರ ಹತ್ತು ಗಂಟೆಗೆ ಉತ್ತರ ಬಂತು, ಬಹಳ ಸಭ್ಯವಾದ ಉತ್ತರ. ಗಮನಕ್ಕೆ ತಂದದ್ದಕ್ಕೆ ಧನ್ಯವಾದಗಳು. ಅರವತ್ತೊಂದನ್ನು ತೆಗೆದುಹಾಕಿ. ಈ ಸಂಗತಿ ಈಗಾಗಲೇ ವ್ಯಾಪಕವಾಗಿ ಒಪ್ಪಿತವಾಗಿರುವುದರಿಂದ ವಾಕ್ಯ ಹಾಗೇ ಇರಲಿ. ಬದಲಿಗೆ ಈ ಮೂರು ಲೇಖನಗಳನ್ನು ಉಲ್ಲೇಖಿಸಿ.

ಮೂರನ್ನೂ ಅವಳು ತೆರೆದಳು. ಒಂದು ಚೆನ್ನೈನದು, ಒಂದು ಢಾಕಾದ್ದು, ಇನ್ನೊಂದು ಎಲ್ಲಿಯದೋ. ಮೂರರಲ್ಲೂ ಆ ವಾಕ್ಯವಿತ್ತು. ಮೂರರಲ್ಲೂ ವಾಕ್ಯದ ಕೊನೆಗೆ ಒಂದು ಪುಟ್ಟ ಅಂಕೆ. ಆ ಅಂಕೆ ಹಿಡಿದು ಕೆಳಗಿಳಿದರೆ ಮೂರು ಕಡೆಯೂ ಕೂತಿದ್ದವನು ಅದೇ ಕೃಷ್ಣಪ್ಪ ಕೆ., ಅದೇ 112ರಿಂದ 118.

ಅವಳ ತಪ್ಪೊಪ್ಪಿಗೆಯಿಂದ ಆದದ್ದಿಷ್ಟೇ. ಸುಳ್ಳಿನ ಕೆಳಗಿಂದ ಅವಳನ್ನು ಮಾತ್ರ ಎಳೆದು ಹಾಕಿ, ಸುಳ್ಳಿಗೆ ಮೂರು ಹೊಸ ಕಂಬ ಕೊಟ್ಟಿದ್ದರು. ಈಗ ಅದು ಮೊದಲಿಗಿಂತ ಗಟ್ಟಿಯಾಗಿ ನಿಂತಿತ್ತು.

ಎರಡನೇ ಪ್ರಶ್ನೆ ಬರೆಯಲು ಕೂತಳು. ನಿವೇದಿತಾ ಬಂದು ಹಿಂದೆ ನಿಂತಳು.

'ಒಂದು ಸುತ್ತು ಕ್ವೆರಿ ಆಯ್ತು. ಎರಡನೇದಕ್ಕೆ ಅವಕಾಶ ಇಲ್ಲ. ಕ್ಲೋಸ್ ಮಾಡು.'

'ಮೂರೂ ಅದೇ ಸುಳ್ಳಿನ ಮೇಲೇ ನಿಂತಿದಾವೆ. ಬೇಕಾದ್ರೆ ನೋಡು.'

'ನಾನು ನೋಡಿದ್ರೆ ಏನಾಗುತ್ತೆ? ಅವ್ರು ಡಾಕ್ಟ್ರು. ನಾವು ಕಾಮಾ ಹಾಕೋರು.'

'ನಾನು ಕ್ಲೋಸ್ ಮಾಡಲ್ಲ.'

ನಿವೇದಿತಾ ಜಗಳವಾಡಲಿಲ್ಲ. ತನ್ನ ಕೋಣೆಗೆ ಹೋಗಿ, ತನ್ನ ಹೆಸರಿನಲ್ಲಿ ಫೈಲು ತೆರೆದು, ಮೂರು ಲೇಖನಗಳನ್ನೂ ಸೇರಿಸಿ ಕಳಿಸಿಬಿಟ್ಟಳು. ಭುವನೇಶ್ವರಿಯ ಪರದೆಯಲ್ಲಿ ಒಂದರ ಹಿಂದೆ ಒಂದು ಮೂರು ಹಸಿರು ಟಿಕ್ ಬಿದ್ದವು. ಆಮೇಲೆ ಫೈಲೇ ಮಾಯವಾಯಿತು. ಮಧ್ಯಾಹ್ನ ಎಚ್ಆರ್‌ನಿಂದ ಮೇಲ್ ಬಂತು: ಗುರುವಾರದ ಪತ್ರದ ವಿಷಯವಾಗಿ ಸೋಮವಾರ ಮಾತಾಡುವುದಿದೆ, ಅಲ್ಲಿಯವರೆಗೆ ಕಚೇರಿಗೆ ಬರುವುದು ಬೇಡ. ಗುರುತಿನ ಚೀಟಿಯನ್ನು ಕೆಳಗೆ ಸೆಕ್ಯುರಿಟಿಯ ಹತ್ತಿರ ಕೊಟ್ಟು ಹೊರಗೆ ಬಂದಾಗ ಇನ್ನೂ ಬಿಸಿಲಿತ್ತು. ಮೇಲೆ ಮೆಟ್ರೊ ಹೋಯಿತು. ಮನೆಯಿದ್ದ ಹೆಬ್ಬಗೋಡಿಯ ತನಕ ಅವಳು ನಡೆದೇ ಹೋದಳು.

ಸಂಜೆ ಮುತ್ತು ಬಂದು, ಬಚ್ಚಲಲ್ಲಿ ಮುಖ ತೊಳೆದು, ನೆಲಕ್ಕೆ ಕೂತು ಉಸಿರು ಹಿಡಿಯುವ ತನಕ ಅವಳು ಕಾದಳು. ಈ ಸಲ ಪಲ್ಯದ ಸುದ್ದಿ ಎತ್ತಲಿಲ್ಲ. ಮೊದಲಿನಿಂದ ಕೊನೆಯ ತನಕ ಹೇಳಿದಳು. ಕೆಂಪು ಗೆರೆ, ಹೆಪ್ಪು, ಚಹಾ ತೋಟದ ಹೆಂಗಸರು, ಎಲ್ಲಾ.

ಮುತ್ತು ತನ್ನ ಬೆರಳುಗಳನ್ನು ನೋಡಿಕೊಂಡ. ಅವನ ಉಗುರಿನ ಸಂದಿಯ ಬಿಳಿ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

'ನೀ ಬೇಕಂತ ಮಾಡಿಲ್ಲ ಬಿಡಕ್ಕಾ' ಎಂದ.

ಬೈದಿದ್ದರೆ ಚೆನ್ನಾಗಿತ್ತು. ಅವಳಿಗೆ ಅಳು ಬಂತು.

'ನಂದೇನೋ ಆತು. ಆದ್ರ...' ಕೆಮ್ಮು ಬಂದು ನಿಂತ. ಮುಗಿದ ಮೇಲೆ ಹೇಳಿದ. 'ಆ ಹಾಳಿ ಇನ್ನೂ ಐತಿ.'

'ಯಾವ ಹಾಳಿ?'

'ನೀ ಕೊಟ್ಟ ಪ್ರಿಂಟ. ನಾ ಅವಾಗ ಸೂಪರ್‌ವೈಸರ್‌ಗೆ ತೋರಿಸಿದ್ದೆ. ಅಂವ ಅದಕ್ಕ ಪ್ಲಾಸ್ಟಿಕ್ ಹಾಕಿಸಿ ಊಟದ ಶೆಡ್ಡಿನ ಗ್ವಾಡಿಗಿ ಹಚ್ಚ್ಯಾನ. ಯಾರರ ಮಾಸ್ಕ್ ಕೊಡ್ರಿ ಅಂದ್ರ ಅದನ್ನ ತೋರಸ್ತಾನ. ಹೊಸಾ ಮಂದಿ ಬಂದ್ರ ನಾನೂ ಹೇಳತಿದ್ದೆ, ಅಂಜಬ್ಯಾಡ್ರಿ, ನಮ್ಮಕ್ಕ ಓದ್ಯಾಳ, ಪೇಪರ್‌ನಾಗ ಬಂದೈತಿ ಅಂತ. ಎಲ್ಲಾರೂ ಕಟ್ಕೋತಾರ.'

ನಲವತ್ತೊಂದು ಲೇಖನಗಳ ಲೆಕ್ಕವನ್ನು ಮಷಿನ್ ಇಟ್ಟಿತ್ತು. ಈ ಲೆಕ್ಕ ಯಾರೂ ಇಟ್ಟಿರಲಿಲ್ಲ. ಎಂಟು ವರ್ಷದಲ್ಲಿ ಆ ಯಾರ್ಡಿಗೆ ಬಂದು ಹೋದವರು ಎಷ್ಟು ಜನ ಎಂದು ಕೇಳಿದಳು. ಮುತ್ತು ಲೆಕ್ಕ ಹಾಕಲು ಹೊರಟು ಬಿಟ್ಟುಬಿಟ್ಟ.

'ನಾಳೆ ನಾ ಬರ್ತೀನಿ' ಎಂದಳು.

ಮರುದಿನ ಮಧ್ಯಾಹ್ನ ಮುತ್ತುವನ್ನು ಮತ್ತೆ ಡಾಕ್ಟರಿಗೆ ತೋರಿಸುವುದಿತ್ತು. ಅದಕ್ಕೆಂದು ಎಕ್ಸ್‌ರೇಯ ಕವರು ಅವಳ ಬಟ್ಟೆ ಚೀಲದಲ್ಲಿತ್ತು, ಮೇಲೆ ಒಂದು ಟವಲ್ಲು ಮುಚ್ಚಿತ್ತು. 'ಅದನ್ನ ಹೊರಗ ತೆಗೀಬ್ಯಾಡಕ್ಕಾ' ಎಂದು ಮುತ್ತು ಬೆಳಿಗ್ಗೆ ಕೆಲಸಕ್ಕೆ ಹೋಗುವಾಗಲೇ ಎರಡು ಸಲ ಹೇಳಿದ್ದ.

ಊಟದ ಹೊತ್ತಿಗೆ ಅವಳು ಯಾರ್ಡು ಮುಟ್ಟಿದಳು. ಗಿಡದ ಎಲೆ, ಗೇಟು, ನಾಯಿ, ಎಲ್ಲದರ ಮೇಲೂ ಒಂದೇ ಬಿಳಿ. ಕಲ್ಲು ಕತ್ತರಿಸುವ ಮಷಿನುಗಳು ನಿಂತಿದ್ದವು. ತಗಡಿನ ಶೆಡ್ಡಿನಲ್ಲಿ ಮೂವತ್ತು ಮೂವತ್ತೈದು ಜನ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಎಲ್ಲರ ಕೊರಳಲ್ಲೂ ಎರಡು ಮಡಿಕೆಯ ಒದ್ದೆ ಬಟ್ಟೆ. ಗೋಡೆಯ ಮೇಲೆ ಆ ಹಾಳೆ. ಪ್ಲಾಸ್ಟಿಕ್ಕಿನ ಮೇಲಿನ ಧೂಳನ್ನು ಅವಳು ಬೆರಳಿನಿಂದ ಒರೆಸಿದಳು. ಅದೇ ವಾಕ್ಯ, ಅದೇ ಪುಟ್ಟ ಅಂಕೆ. ಯಾರೋ ಅದರ ಮೂಲೆಗೆ ಕುಂಕುಮ ಹಚ್ಚಿದ್ದರು, ಬಹುಶಃ ಆಯುಧಪೂಜೆಯಲ್ಲಿ.

ಅವಳು ಹಾಳೆಯನ್ನು ಕಿತ್ತಳು.

'ಮೇಡಂ, ಅದ್ಯಾಕ್ ತೆಗೀತಿದೀರಾ? ಅದು ಕಂಪ್ನಿದು' ಎಂದು ಸೂಪರ್‌ವೈಸರು ಕುರ್ಚಿಯಿಂದ ಎದ್ದ.

'ಕಂಪ್ನಿದಲ್ಲ, ನಂದು. ನಾನೇ ಕೊಟ್ಟಿದ್ದು' ಎಂದಳು. ಆಮೇಲೆ ಕೂತವರ ಕಡೆ ತಿರುಗಿದಳು. ಹೇಗೆ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ಮರೆತುಹೋಯಿತು. 'ನಾ ಮುತ್ತೂನ ಅಕ್ಕ. ಇದ್ರಾಗ ಬರದದ್ದು ಸುಳ್ಳು. ಒದ್ದಿ ಬಟ್ಟಿ ಈ ಧೂಳು ತಡ್ಯೂದಿಲ್ಲ. ಬ್ಲೇಡಿಗೆ ನೀರು ಬಿಡಬೇಕು, ಖರೇ ಮಾಸ್ಕ್ ಕೊಡಬೇಕು. ಕೇಳಿ ಇಸ್ಕೊಳ್ರಿ. ಬಟ್ಟಿ ನಂಬಬ್ಯಾಡ್ರಿ.'

ತುತ್ತು ಬಾಯಿಗೆ ಹೋಗುವುದು ನಿಂತಿತು. ಕೊನೆಗೆ ಕಲ್ಲಿನ ಪುಡಿ ಗುಡಿಸುವ ಮುದುಕವ್ವ ಎದ್ದು ನಿಂತಳು. ಯಾರ್ಡಿಗೆಲ್ಲ ಹಿರಿಯಳು, ಲಿಂಗಸೂರಿನ ಕಡೆಯವಳು. ಅವಳ ದನಿಯಲ್ಲಿ ಜಗಳವಿರಲಿಲ್ಲ, ಗೊತ್ತಿಲ್ಲದ್ದನ್ನು ಕೇಳುವ ದನಿ.

'ಅವಾಗ ಪೇಪರ್‌ನಾಗ ಬಂದೈತಿ ಅಂದ್ರಿ, ಕಟ್ಕೊಂಡ್ವಿ. ಈಗ ಸುಳ್ಳು ಅಂತೀ. ಸುಳ್ಳು ಅಂತ ಯಾವ ಪೇಪರ್‌ನಾಗ ಬಂದೈತವ್ವ?'

ಸೂಪರ್‌ವೈಸರು ನಕ್ಕ. 'ಅದನ್ನ ಕೇಳು ಅಜ್ಜಿ.'

ನೂರಾರು ಪಟ್ಟಿ, ಸಾವಿರಾರು ಉಲ್ಲೇಖ ಕೈಯಿಂದ ದಾಟಿಸಿದ ಭುವನೇಶ್ವರಿಯ ಹತ್ತಿರ ಈ ಮುದುಕಿಯ ಕೈಗೆ ಕೊಡಲು ಒಂದು ಸಾಲೂ ಇರಲಿಲ್ಲ. ನಿನ್ನೆಯೇ ಅಚ್ಚಿಗೆ ಹೋದದ್ದು ಅದರ ಉಲ್ಟಾ ಹೇಳುತ್ತಿತ್ತು.

'ಬಂದಿಲ್ಲ ಯವ್ವಾ' ಎಂದಳು. 'ಇನ್ನೂ ಯಾವುದ್ರಾಗೂ ಬಂದಿಲ್ಲ. ಸುಳ್ಳು ಬರದಾಕಿ ನಾನ. ಅದಕ್ಕ ಹೇಳಾಕ್ಹತ್ತೀನಿ.'

ಮುದುಕವ್ವ ಅಕ್ಕಪಕ್ಕದವರ ಮುಖ ನೋಡಿದಳು. ಯಾರೋ ಡಬ್ಬಿಯ ಮುಚ್ಚಳ ಹಾಕಿದರು. ಸೂಪರ್‌ವೈಸರು ಕೈ ಚಾಚಿ ಹಾಳೆ ಕೊಡಿ ಎಂದ.

ಆಗ ಮುತ್ತು ಮೂಲೆಯಿಂದ ಎದ್ದು ಬಂದ. ನಾಲ್ಕು ಹೆಜ್ಜೆ ಬರುವಷ್ಟರಲ್ಲಿ ಉಸಿರು ಹತ್ತಿತ್ತು. ಅಕ್ಕನ ಹೆಗಲಿನಿಂದ ಬಟ್ಟೆ ಚೀಲ ಇಳಿಸಿಕೊಂಡ. ಅವಳು ಬೇಡವೆಂದು ಅವನ ಮಣಿಕಟ್ಟು ಹಿಡಿದಳು. ಅವನು ಮೆಲ್ಲಗೆ ಬಿಡಿಸಿಕೊಂಡ. ಟವಲ್ಲು ಸರಿಸಿ, ಕಂದು ಕವರು ತೆಗೆದು, ಸೂಪರ್‌ವೈಸರನ ಕಣ್ಣೆದುರಿಗೇ ಎಕ್ಸ್‌ರೇ ಹೊರಗೆಳೆದು, ಶೆಡ್ಡಿನ ಬಾಗಿಲ ಬಿಸಿಲಿಗೆ ಎತ್ತಿ ಹಿಡಿದ. ಎರಡು ಕಡೆಯೂ ಎದೆಯ ತುಂಬ ಬಿಳಿ ಚುಕ್ಕೆ ಚೆಲ್ಲಿತ್ತು.

'ಇದ್ರಾಗ ಬಂದೈತಿ ಯವ್ವಾ' ಎಂದ. 'ನನ್ನ ಎದಿ ಇದು. ಎಂಟು ವರ್ಷ ಕಟ್ಟೀನಿ.'

ಮುದುಕವ್ವ ಕೊರಳಿನ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನೋಡಲು ಹತ್ತಿರ ಬಂದಳು. ಅವಳ ಹಿಂದೆ ಉಳಿದವರೂ ಎದ್ದರು.